ಚಂದ್ರನ ಮೇಲೆ ಎಸೆದ ಬಾಳೆಹಣ್ಣು: ಹಳೆಯ ಡಾಸ್ ಆಟದ ನೆರವಿನಿಂದ ಒಂದು ಗುರುತ್ವ ಪಾಠ

ಹಿನ್ನೆಲೆ

ಬಿ.ಇಡಿ. ಮೂರನೇ ಸೆಮಿಸ್ಟರ್‌ನ ಬೋಧನಾಭ್ಯಾಸಕ್ಕಾಗಿ ನನ್ನನ್ನು ಅಥಣಿ ತಾಲ್ಲೂಕಿನ ಒಂದು ಅನುದಾನಿತ ಪ್ರೌಢಶಾಲೆಗೆ ನಿಯೋಜಿಸಲಾಗಿತ್ತು. ನನ್ನ ಬೋಧನಾ ವಿಷಯಗಳು ಗಣಿತ ಮತ್ತು ಭೌತವಿಜ್ಞಾನ. ಕಬ್ಬಿನ ಹಂಗಾಮು ಶುರುವಾಗಿದ್ದ ದಿನಗಳವು. ಶಾಲೆಯ ಮುಂದಿನ ರಸ್ತೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಬ್ಬು ತುಂಬಿದ ಟ್ರ್ಯಾಕ್ಟರ್‌ಗಳು ಕಾರ್ಖಾನೆಯ ಕಡೆಗೆ ಸಾಗುತ್ತಿದ್ದವು. ಆ ಸದ್ದಿನ ನಡುವೆ 9ನೇ ತರಗತಿಯ 36 ಮಕ್ಕಳಿಗೆ ಗುರುತ್ವಾಕರ್ಷಣೆಯ ಘಟಕ ಬೋಧಿಸುವುದು ನನ್ನ ಕೆಲಸ.

ಈ ಘಟಕದಲ್ಲಿ ಮಕ್ಕಳು ಬಾಯಿಪಾಠ ಮಾಡಿ ಹೇಳುವ ಒಂದು ವಾಕ್ಯವಿದೆ: ಚಂದ್ರನ ಮೇಲೆ ವಸ್ತುವಿನ ತೂಕ ಭೂಮಿಯ ಮೇಲಿನ ತೂಕದ ಆರನೇ ಒಂದು ಭಾಗ. ವಾಕ್ಯ ಸರಿ. ಆದರೆ ‘ಹಾಗಾದರೆ ಅಲ್ಲಿ ಕಲ್ಲು ಎಸೆದರೆ ಏನಾಗುತ್ತದೆ?’ ಎಂದು ಕೇಳಿದರೆ ತರಗತಿ ಮೌನ. ಭೂಮಿಯ ಮೇಲಿನ ಗುರುತ್ವ ವೇಗೋತ್ಕರ್ಷ 9.8 ಮೀ/ಸೆ², ಚಂದ್ರನ ಮೇಲೆ ಸುಮಾರು 1.63 ಮೀ/ಸೆ². ಈ ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸವನ್ನು ಕಣ್ಣಿಗೆ ಕಾಣಿಸುವುದು ಹೇಗೆ ಎಂಬ ಯೋಚನೆಯಲ್ಲಿದ್ದಾಗ ಶಾಲೆಯ ಪ್ರಯೋಗಾಲಯದ ಮೂಲೆಯಲ್ಲಿ ಒಂದು ಹಳೆಯ 486 ಕಂಪ್ಯೂಟರ್ ಕಂಡಿತು. 1990ರ ದಶಕದಲ್ಲಿ ಶಾಲೆಯೇ ಕೊಂಡಿದ್ದು. ಗುಜರಿಗೆ ಹಾಕಬೇಕಾದ ಸಾಮಾನುಗಳ ಪಟ್ಟಿಯಲ್ಲಿ ಅದರ ಹೆಸರೂ ಇತ್ತು. ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಅದನ್ನು ಚಾಲೂ ಮಾಡಿ ನೋಡಿದೆ. ಆ ಕುತೂಹಲವೇ ಈ ಲೇಖನಕ್ಕೆ ಕಾರಣವಾದ ಮೂರು ಪಾಠಗಳಿಗೆ ದಾರಿ ಮಾಡಿತು. ಮೂರರಲ್ಲಿ ಒಂದು ಗದ್ದಲದಲ್ಲಿ ಮುಗಿಯಿತು, ಇನ್ನೊಂದರಲ್ಲಿ ನನ್ನ ತಪ್ಪು ತಿಳಿವಳಿಕೆ ಮಕ್ಕಳ ಮುಂದೆಯೇ ಬಯಲಾಯಿತು. ಎರಡನ್ನೂ ಮುಚ್ಚಿಡದೆ ಬರೆಯುತ್ತಿದ್ದೇನೆ.

ಆಟದ ಪರಿಚಯ

1991ರಲ್ಲಿ ಬಂದ ಎಂಎಸ್-ಡಾಸ್ 5.0 ಜೊತೆಗೆ ಕ್ಯೂಬೇಸಿಕ್ ಎಂಬ ಪ್ರೋಗ್ರಾಮ್ ಬರೆಯುವ ತಂತ್ರಾಂಶ ಇರುತ್ತಿತ್ತು. ಅದರಲ್ಲಿ ಮಾದರಿಯಾಗಿ ಕೊಟ್ಟಿದ್ದ ಪ್ರೋಗ್ರಾಮ್‌ಗಳಲ್ಲಿ ಒಂದು ‘ಗೊರಿಲ್ಲಾ’. ಊರಿನ ಎತ್ತರದ ಕಟ್ಟಡಗಳ ಮೇಲೆ ಆಚೆಗೊಂದು ಈಚೆಗೊಂದು ಗೊರಿಲ್ಲಾ ನಿಂತಿರುತ್ತವೆ. ಆಟಗಾರ ಎರಡು ಸಂಖ್ಯೆ ಕೊಡಬೇಕು: ಎಸೆಯುವ ಕೋನ, ಎಸೆಯುವ ವೇಗ. ಆಗ ಗೊರಿಲ್ಲಾ ಒಂದು ಬಾಳೆಹಣ್ಣನ್ನು ಎಸೆಯುತ್ತದೆ. ಅದು ಎದುರಿನ ಗೊರಿಲ್ಲಾಕ್ಕೆ ತಾಗಿದರೆ ಅಂಕ. ಮೇಲೆ ನಗುಮುಖದ ಸೂರ್ಯನಿದ್ದಾನೆ. ಬಾಳೆಹಣ್ಣು ಅವನ ಮೇಲೆ ಹಾದುಹೋದರೆ ಬೆಚ್ಚಿ ಬಾಯಿ ತೆರೆಯುತ್ತಾನೆ. ಮಕ್ಕಳು ಅತಿ ಹೆಚ್ಚು ನಕ್ಕಿದ್ದು ಅಲ್ಲಿಯೇ.

ಶಿಕ್ಷಕರಿಗೆ ಮುಖ್ಯವಾದ ಸಂಗತಿಗಳು ಎರಡು. ಮೊದಲನೆಯದು, ಆಟದ ಆರಂಭದಲ್ಲಿಯೇ ಗುರುತ್ವದ ಬೆಲೆ ಎಷ್ಟು ಎಂದು ಕೇಳುತ್ತದೆ; ಪಕ್ಕದಲ್ಲಿ ‘ಭೂಮಿ = 9.8’ ಎಂಬ ಸೂಚನೆ ಇದೆ. ಬೇಕಾದ ಬೆಲೆಯನ್ನು ನಾವೇ ಕೊಡಬಹುದು. ಎರಡನೆಯದು, ಪ್ರೋಗ್ರಾಮ್‌ನ ಒಂದೊಂದು ಸಾಲೂ ಓದಲು, ತಿದ್ದಲು ಸಿಗುತ್ತದೆ. ಇಂದಿನ ಮೊಬೈಲ್ ಆಟಗಳಲ್ಲಿ ಒಳಗಿನ ಲೆಕ್ಕ ನಮಗೆ ಕಾಣುವುದಿಲ್ಲ. ಇಲ್ಲಿ ಬಾಳೆಹಣ್ಣಿನ ದಾರಿಯನ್ನು ನಿರ್ಧರಿಸುವ ಸೂತ್ರವನ್ನೇ ತೆರೆದು ತೋರಿಸಬಹುದು.

ಹಳೆಯ ಆಟ ಹೊಸ ಯಂತ್ರದಲ್ಲಿ ಏಕೆ ನಡೆಯುವುದಿಲ್ಲ?

ಒಂದೇ 486 ಯಂತ್ರದ ಮುಂದೆ 36 ಮಕ್ಕಳನ್ನು ಕೂರಿಸಲಾಗದು. ಶಾಲೆಯ ಪ್ರಯೋಗಾಲಯದಲ್ಲಿ ಉಬುಂಟು ಇರುವ ಆರು ಕಂಪ್ಯೂಟರ್‌ಗಳು ಸುಸ್ಥಿತಿಯಲ್ಲಿದ್ದವು. ಆದರೆ ಡಾಸ್‌ಗಾಗಿ ಬರೆದ ಪ್ರೋಗ್ರಾಮ್ ಉಬುಂಟುವಿನಲ್ಲಿ ನೇರವಾಗಿ ನಡೆಯದು. ಇಂದಿನ 64-ಬಿಟ್ ವಿಂಡೋಸ್‌ನಲ್ಲೂ ನಡೆಯದು. ಡಾಸ್ ಪ್ರೋಗ್ರಾಮ್‌ಗಳು 16-ಬಿಟ್‌ನವು. ಪ್ರೊಸೆಸರ್‌ಗೆ ಆ ಹಳೆಯ ಭಾಷೆ ಮರೆತುಹೋಗಿಲ್ಲ. ಆದರೆ 64-ಬಿಟ್ ಕಾರ್ಯಾಚರಣ ವ್ಯವಸ್ಥೆ ನಡೆಯುತ್ತಿರುವಾಗ ಆ ಬಾಗಿಲು ಮುಚ್ಚಿರುತ್ತದೆ. ಹೀಗಾಗಿ ಹಳೆಯ ಆಟವನ್ನು ನಡೆಸಲು ಎರಡು ದಾರಿಗಳಿವೆ: ಎಮ್ಯುಲೇಟರ್ ಮತ್ತು ವರ್ಚುವಲ್ ಮಷಿನ್. ಇವೆರಡರ ವ್ಯತ್ಯಾಸ ನನಗೂ ಮೊದಲು ಸ್ಪಷ್ಟವಿರಲಿಲ್ಲ. ಮಕ್ಕಳಿಗೆ ಹೇಳಲು ಹೊರಟಾಗ ನಮ್ಮ ಊರಿನ ಉದಾಹರಣೆಯೇ ನೆರವಿಗೆ ಬಂತು.

ಅಥಣಿ ಸಂತೆಗೆ ಬರುವವರಲ್ಲಿ ಹೆಚ್ಚಿನವರಿಗೆ ಕನ್ನಡ, ಮರಾಠಿ ಎರಡೂ ಬರುತ್ತವೆ. ಬಾರದಿದ್ದವರ ಕಥೆ ಏನು? ಗಡಿಯಾಚೆಯಿಂದ ಬಂದ, ಮರಾಠಿ ಮಾತ್ರ ಬಲ್ಲ ಅಜ್ಜಿಯೊಬ್ಬರು ಕನ್ನಡ ಮಾತ್ರ ಬಲ್ಲ ಕಾಯಿಪಲ್ಲೆಯವನೊಂದಿಗೆ ವ್ಯವಹರಿಸಬೇಕು. ನಡುವೆ ಒಬ್ಬ ದುಭಾಷಿ ನಿಂತು ಒಂದೊಂದು ಮಾತನ್ನೂ ಬದಲಿಸಿ ಹೇಳುತ್ತಾನೆ. ವ್ಯವಹಾರ ನಡೆಯುತ್ತದೆ, ಸ್ವಲ್ಪ ನಿಧಾನ. ಎಮ್ಯುಲೇಟರ್ ಮಾಡುವ ಕೆಲಸ ಇದೇ. ಹಳೆಯ ಪ್ರೊಸೆಸರ್, ಹಳೆಯ ಪರದೆ, ಹಳೆಯ ಧ್ವನಿ ಕಾರ್ಡ್ ಎಲ್ಲವೂ ಇವೆಯೆಂದು ಆಟಕ್ಕೆ ನಂಬಿಸಿ, ಅದು ಕೊಡುವ ಒಂದೊಂದು ಆಜ್ಞೆಯನ್ನೂ ಹೊಸ ಯಂತ್ರಕ್ಕೆ ಅರ್ಥವಾಗುವಂತೆ ಬದಲಿಸುತ್ತದೆ. 2002ರಲ್ಲಿ ಮೊದಲು ಬಿಡುಗಡೆಯಾದ ಡಾಸ್‌ಬಾಕ್ಸ್ ಇಂತಹ ಎಮ್ಯುಲೇಟರ್. ಅದು ಮುಕ್ತ ತಂತ್ರಾಂಶ. ಡಾಸ್‌ನ ಕೆಲಸವನ್ನು ತಾನೇ ಮಾಡುವುದರಿಂದ ಬೇರೆ ಡಾಸ್ ಹಾಕಬೇಕಾಗಿಲ್ಲ.

ವರ್ಚುವಲ್ ಮಷಿನ್‌ನ ರೀತಿ ಬೇರೆ. ಅಲ್ಲಿ ದುಭಾಷಿ ಇಲ್ಲ. ಅದೇ ಭಾಷೆಯ ಬಾಡಿಗೆದಾರರಿಗೆ ನಮ್ಮ ಮನೆಯಲ್ಲೇ ಪ್ರತ್ಯೇಕ ಕೋಣೆ, ಪ್ರತ್ಯೇಕ ಒಲೆ ಕೊಟ್ಟಂತೆ. ಆಜ್ಞೆಗಳು ಬಹುಪಾಲು ನೇರವಾಗಿ ನಿಜವಾದ ಪ್ರೊಸೆಸರ್‌ಗೇ ಹೋಗುತ್ತವೆ. ಆದ್ದರಿಂದ ವೇಗ ಹೆಚ್ಚು. ಆ ಕೋಣೆಯೊಳಗೆ ಇಡೀ ಕಾರ್ಯಾಚರಣ ವ್ಯವಸ್ಥೆಯನ್ನು ನಾವೇ ಸ್ಥಾಪಿಸಬೇಕು. ವರ್ಚುವಲ್‌ಬಾಕ್ಸ್‌ನಲ್ಲಿ ಫ್ರೀಡಾಸ್ ಹಾಕಿ ನಾನು ಅದನ್ನೂ ಪ್ರಯತ್ನಿಸಿದೆ. ಫ್ರೀಡಾಸ್ 1994ರಲ್ಲಿ ಜಿಮ್ ಹಾಲ್ ಆರಂಭಿಸಿದ ಮುಕ್ತ ಡಾಸ್. ಯಂತ್ರದ ಸ್ಥಿತಿಯನ್ನು ಇದ್ದಂತೆಯೇ ಉಳಿಸಿಟ್ಟು ಮತ್ತೆ ಅಲ್ಲಿಂದಲೇ ಶುರು ಮಾಡುವ ಸೌಲಭ್ಯ ವರ್ಚುವಲ್‌ಬಾಕ್ಸ್‌ನಲ್ಲಿದೆ. ಅದು ಬಹಳ ಉಪಯುಕ್ತ.

ಆದರೂ ನಾನು ಡಾಸ್‌ಬಾಕ್ಸನ್ನೇ ಆರಿಸಿಕೊಂಡೆ. ಪ್ರಯೋಗಾಲಯದ ಯಂತ್ರಗಳಲ್ಲಿ ಮೆಮೊರಿ ಕಡಿಮೆ ಎಂಬುದು ಒಂದು ಕಾರಣ. ಮುಖ್ಯ ಕಾರಣ ವೇಗ. ಆ ಕಾಲದ ಎಷ್ಟೋ ಆಟಗಳು ಪ್ರೊಸೆಸರ್‌ನ ವೇಗವನ್ನೇ ಗಡಿಯಾರವಾಗಿ ಬಳಸುತ್ತಿದ್ದವು. ಎತ್ತಿನಿಂದ ತಿರುಗುವ ಗಾಣಕ್ಕೆ ಮೋಟಾರು ಜೋಡಿಸಿದರೆ ಕಬ್ಬು ಕೊಡುವವನ ಗತಿ ಏನಾಗುತ್ತದೋ, ಹೊಸ ಯಂತ್ರದಲ್ಲಿ ಹಳೆಯ ಆಟ ಆಡುವವನ ಗತಿಯೂ ಅದೇ. ಹಳೆಯ ಕಂಪ್ಯೂಟರ್‌ಗಳ ಪೆಟ್ಟಿಗೆಯ ಮೇಲೆ ಇರುತ್ತಿದ್ದ ‘ಟರ್ಬೊ’ ಗುಂಡಿ ನಿಜವಾಗಿ ಯಂತ್ರದ ವೇಗ ತಗ್ಗಿಸಲು ಇದ್ದದ್ದು. ಇನ್ನೂ ಹಳೆಯ ಪ್ರೋಗ್ರಾಮ್‌ಗಳು ಸರಿಯಾಗಿ ನಡೆಯಲಿ ಎಂದು. ಡಾಸ್‌ಬಾಕ್ಸ್‌ನಲ್ಲಿ ಕಂಟ್ರೋಲ್ ಮತ್ತು ಎಫ್11 ಒತ್ತಿದರೆ ವೇಗ ಇಳಿಯುತ್ತದೆ, ಕಂಟ್ರೋಲ್ ಮತ್ತು ಎಫ್12 ಒತ್ತಿದರೆ ಏರುತ್ತದೆ. ವೇಗದ ಅಳತೆ ಕಿಟಕಿಯ ಮೇಲಂಚಿನಲ್ಲಿ ‘ಸೈಕಲ್ಸ್’ ಎಂದು ಕಾಣುತ್ತದೆ. ನಾವು 3000ದಲ್ಲಿಯೇ ಇಟ್ಟೆವು.

ಸಿದ್ಧತೆ

486 ಯಂತ್ರ ಚಾಲೂ ಆಯಿತು, ಆದರೆ ತನ್ನ ಹಾರ್ಡ್ ಡಿಸ್ಕನ್ನೇ ಗುರುತಿಸಲಿಲ್ಲ. ಒಳಗಿನ ಸಣ್ಣ ಬ್ಯಾಟರಿ ಸತ್ತಿದ್ದರಿಂದ ಯಂತ್ರಕ್ಕೆ ತನ್ನ ವಿವರಗಳೆಲ್ಲ ಮರೆತುಹೋಗಿದ್ದವು. ಡಿಸ್ಕಿನ ಮೇಲೆ ಅಂಟಿಸಿದ ಚೀಟಿಯಲ್ಲಿದ್ದ ಸಿಲಿಂಡರ್, ಹೆಡ್, ಸೆಕ್ಟರ್‌ಗಳ ಸಂಖ್ಯೆಗಳನ್ನು ನೋಡಿ ಕೈಯಿಂದ ತುಂಬಿದ ಮೇಲೆ ಡಾಸ್ ತೆರೆದುಕೊಂಡಿತು. ಕ್ಯೂಬೇಸಿಕ್ ಮತ್ತು ಗೊರಿಲ್ಲಾ ಎರಡೂ ಸೇರಿ 300 ಕಿಲೋಬೈಟ್‌ಗೂ ಕಡಿಮೆ. ಇಂದು ನಾವು ವಾಟ್ಸಾಪ್‌ನಲ್ಲಿ ಕಳಿಸುವ ಒಂದು ಫೋಟೋ ಎಷ್ಟೋ ಸಲ ಅದಕ್ಕಿಂತ ದೊಡ್ಡದಿರುತ್ತದೆ. ಎರಡನ್ನೂ ಒಂದು ಫ್ಲಾಪಿಗೆ ನಕಲು ಮಾಡಿದೆ. ಊರಿನ ಕಂಪ್ಯೂಟರ್ ಅಂಗಡಿಯವರು ಯುಎಸ್‌ಬಿ ಫ್ಲಾಪಿ ಡ್ರೈವ್ ಒಂದನ್ನು ಎರಡು ದಿನಕ್ಕೆ ಎರವಲು ಕೊಟ್ಟರು. ಅಲ್ಲಿಂದ ಹೊಸ ಯಂತ್ರಗಳಿಗೆ.

ಹೊಸ ಯಂತ್ರದಲ್ಲಿ ಮಾಡಬೇಕಾದದ್ದು ಇಷ್ಟು: ಡಾಸ್‌ಬಾಕ್ಸ್ ಸ್ಥಾಪಿಸುವುದು, ‘ಆಟ’ಕ್ಕೆ ಒಂದು ಫೋಲ್ಡರ್ ಮಾಡಿ ಎರಡು ಕಡತಗಳನ್ನೂ ಅದರಲ್ಲಿಡುವುದು, ಡಾಸ್‌ಬಾಕ್ಸ್ ತೆರೆದು ‘ಮೌಂಟ್’ ಆಜ್ಞೆಯಿಂದ ಆ ಫೋಲ್ಡರನ್ನು ಸಿ ಡ್ರೈವ್ ಎಂದು ತೋರಿಸುವುದು, ಸಿ ಡ್ರೈವ್‌ಗೆ ಹೋಗಿ ಕ್ಯೂಬೇಸಿಕ್ ತೆರೆಯುವುದು, ಗೊರಿಲ್ಲಾ ಕಡತವನ್ನು ತೆರೆದು ಶಿಫ್ಟ್ ಮತ್ತು ಎಫ್5 ಒತ್ತುವುದು. ಆಲ್ಟ್ ಮತ್ತು ಎಂಟರ್ ಒತ್ತಿದರೆ ಆಟ ಪರದೆ ತುಂಬ ಕಾಣುತ್ತದೆ. ಫೋಲ್ಡರ್ ಹೆಸರಿನಲ್ಲಿ ಕನ್ನಡ ಅಕ್ಷರ ಬೇಡ, ಎಂಟು ಅಕ್ಷರಗಳಿಗಿಂತ ಉದ್ದವೂ ಬೇಡ. ಡಾಸ್‌ಗೆ ಎರಡೂ ಒಗ್ಗುವುದಿಲ್ಲ. ಪರದೆಯ ಮೇಲೆ ಬರುವ ಇಂಗ್ಲಿಷ್ ಪದಗಳಿಗೆ ಕನ್ನಡದ ಅರ್ಥವನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಪ್ರತಿ ಯಂತ್ರದ ಪಕ್ಕ ಅಂಟಿಸಿದೆ: ಕೋನ, ವೇಗ, ಗುರುತ್ವ, ಆಟಗಾರ.

ಮೊದಲ ಪಾಠ: ಗದ್ದಲ ಮತ್ತು ಗಾಳಿ

ಪಾಠ ಯೋಜನೆ 5ಇ ಮಾದರಿಯಲ್ಲಿತ್ತು. ತೊಡಗಿಸಿಕೊಳ್ಳುವಿಕೆ, ಅನ್ವೇಷಣೆ ಎಂದೆಲ್ಲ ಕಾಲಂ ಹಾಕಿ ಬರೆದಿದ್ದೆ. ತೊಡಗಿಸಿಕೊಳ್ಳುವಿಕೆಗೆ ಕೊರತೆಯೇ ಆಗಲಿಲ್ಲ. ಆರು ಗುಂಪು, ಗುಂಪಿಗೆ ಆರು ಮಕ್ಕಳು. ಭೂಮಿಯ ಬೆಲೆ ಕೊಟ್ಟು ಆಡಿ, ಆಮೇಲೆ ಚಂದ್ರನ ಬೆಲೆ ಕೊಟ್ಟು ಆಡಿ, ವ್ಯತ್ಯಾಸ ಬರೆಯಿರಿ ಎಂದೆ. ಹತ್ತು ನಿಮಿಷಗಳಲ್ಲಿ ಪ್ರಯೋಗಾಲಯ ಜಾತ್ರೆಯಾಯಿತು. ಪಕ್ಕದ ತರಗತಿಯ ಶಿಕ್ಷಕರು ಎರಡು ಸಲ ಬಾಗಿಲಿಗೆ ಬಂದು ಹೋದರು.

ಅವಧಿ ಮುಗಿಯಲು ಐದು ನಿಮಿಷವಿದ್ದಾಗ ‘ಚಂದ್ರನ ಮೇಲೆ ಏನು ವ್ಯತ್ಯಾಸ ಕಂಡಿತು?’ ಎಂದು ಕೇಳಿದೆ. ಒಂದು ಗುಂಪು ‘ದೂರ ಹೋತ್ರೀ’ ಎಂದಿತು. ಇನ್ನೊಂದು ಗುಂಪು ‘ನಮ್ದು ದೂರ ಹೋಗ್ಲಿಲ್ರೀ, ಗಾಳಿ ಹಿಂದ ತಳ್ಳಿತು’ ಎಂದಿತು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: ‘ಟೀಚರ್, ಚಂದ್ರನ ಮ್ಯಾಲ ಗಾಳಿ ಎಲ್ಲಿಂದ ಬಂತ್ರೀ?’

ಅವನ ಪ್ರಶ್ನೆ ನನ್ನ ಇಡೀ ಯೋಜನೆಯ ದೋಷವನ್ನು ಎತ್ತಿ ತೋರಿಸಿತು. ಈ ಆಟದಲ್ಲಿ ಗಾಳಿಯೂ ಇದೆ. ಪರದೆಯ ಕೆಳಗೆ ಬಾಣದ ಗುರುತಿನಿಂದ ಅದರ ದಿಕ್ಕು ಮತ್ತು ಬಲ ಕಾಣುತ್ತದೆ. ಪ್ರತಿ ಸುತ್ತಿಗೂ ಕಟ್ಟಡಗಳ ಎತ್ತರ ಬದಲಾಗುತ್ತದೆ, ಗಾಳಿಯೂ ಬದಲಾಗುತ್ತದೆ. ಗುರುತ್ವದ ಬೆಲೆ ಬದಲಿಸಬೇಕಾದರೆ ಆಟವನ್ನು ಹೊಸದಾಗಿ ಶುರು ಮಾಡಬೇಕು. ಆಗ ಊರೇ ಬೇರೆ, ಗಾಳಿಯೇ ಬೇರೆ. ಅಂದರೆ ಒಂದು ಚರಾಂಶವನ್ನು ಬದಲಿಸಿ ಉಳಿದವನ್ನು ಸ್ಥಿರವಾಗಿಡಬೇಕು ಎಂಬ, ಪ್ರಯೋಗದ ಮೊದಲ ನಿಯಮವನ್ನೇ ನಾನು ಮರೆತಿದ್ದೆ. ಮೇಲಾಗಿ ಆರೂ ಗುಂಪುಗಳಲ್ಲಿ ಕೀಲಿಮಣೆ ಗಂಡುಹುಡುಗರ ಕೈಯಲ್ಲೇ ಇತ್ತು. ಹೆಣ್ಣುಮಕ್ಕಳು ಹಿಂದೆ ನಿಂತು ನೋಡಿದರು. ನನ್ನ ಅವಲೋಕನ ಪುಸ್ತಕದಲ್ಲಿ ಮಾರ್ಗದರ್ಶಕ ಶಿಕ್ಷಕರು ಒಂದೇ ಸಾಲು ಬರೆದರು: ‘ಮಕ್ಕಳು ಆಡಿದರು, ಏನು ಕಲಿತರು?’

ಆಟವನ್ನು ತಿದ್ದಿದ್ದು

ಪ್ರೋಗ್ರಾಮ್ ತೆರೆದಿದ್ದರಿಂದಲೇ ಇದಕ್ಕೆ ಪರಿಹಾರ ಸಿಕ್ಕಿತು. ಮೂಲ ಕಡತವನ್ನು ಹಾಗೆಯೇ ಬಿಟ್ಟು, ಬೇರೆ ಹೆಸರಿನಲ್ಲಿ ಒಂದು ನಕಲು ಮಾಡಿಕೊಂಡು ಅದರಲ್ಲಿ ಎರಡು ಬದಲಾವಣೆ ಮಾಡಿದೆ. ಗಾಳಿಯ ಬೆಲೆ ನಿರ್ಧಾರವಾದ ಸಾಲುಗಳ ನಂತರ ಅದನ್ನು ಸೊನ್ನೆ ಮಾಡುವ ಒಂದು ಸಾಲು ಸೇರಿಸಿದೆ. ಊರು ಪ್ರತಿ ಸಲ ಬದಲಾಗಲು ಕಾರಣ ‘ರ‍್ಯಾಂಡಮೈಜ್’ ಎಂಬ ಆಜ್ಞೆ. ಅದು ಯಂತ್ರದ ಗಡಿಯಾರ ನೋಡಿ ಯಾದೃಚ್ಛಿಕ ಸಂಖ್ಯೆಗಳನ್ನು ಆರಂಭಿಸುತ್ತದೆ. ಅಲ್ಲಿ ಗಡಿಯಾರದ ಬದಲು ಒಂದು ಸ್ಥಿರ ಸಂಖ್ಯೆ ಬರೆದೆ. ಈಗ ಆರೂ ಯಂತ್ರಗಳಲ್ಲಿ, ಎಷ್ಟು ಸಲ ಶುರು ಮಾಡಿದರೂ, ಅದೇ ಊರು, ಅದೇ ಕಟ್ಟಡ, ಗಾಳಿ ಇಲ್ಲ. ಬದಲಾಗುವುದು ನಾವು ಕೊಡುವ ಕೋನ, ವೇಗ, ಗುರುತ್ವ ಮಾತ್ರ.

ಗುಂಪಿನಲ್ಲಿ ಕೆಲಸ ಹಂಚಿದೆ: ಒಬ್ಬರು ಸಂಖ್ಯೆ ಹೇಳುವವರು, ಒಬ್ಬರು ಕೀಲಿ ಒತ್ತುವವರು, ಒಬ್ಬರು ಕೋಷ್ಟಕ ತುಂಬುವವರು, ಒಬ್ಬರು ದಾರಿ ಗುರುತಿಸುವವರು, ಒಬ್ಬರು ಕಾಲ ಎಣಿಸುವವರು, ಒಬ್ಬರು ವರದಿ ಹೇಳುವವರು. ಪ್ರತಿ ಎಸೆತಕ್ಕೂ ಸ್ಥಾನ ಬದಲು. ದಾರಿ ಗುರುತಿಸಲು ಪುಸ್ತಕಕ್ಕೆ ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಪರದೆಯ ಮೇಲೆ ಅಂಟಿಸಿ ಸ್ಕೆಚ್ ಪೆನ್ ಕೊಟ್ಟೆ. ಬಾಳೆಹಣ್ಣು ಹಾರುವಾಗ ಅದರ ಹಿಂದೆಯೇ ಗೆರೆ ಎಳೆಯಬೇಕು.

ಎರಡನೇ ಪಾಠ: ನನ್ನ ತಪ್ಪು

ಅಂದು ನಮ್ಮ ಮಹಾವಿದ್ಯಾಲಯದ ವಿಧಾನ ಬೋಧಕರು ಪಾಠ ವೀಕ್ಷಣೆಗೆ ಬಂದಿದ್ದರು. ಮೊದಲ ಹಂತ ಸುಗಮವಾಗಿ ನಡೆಯಿತು. ಗುರುತ್ವ 9.8, ಕೋನ 45°. ಎಷ್ಟು ವೇಗಕ್ಕೆ ಎದುರಿನ ಗೊರಿಲ್ಲಾಕ್ಕೆ ತಾಗುತ್ತದೆ? ಕೆಲವು ಪ್ರಯತ್ನಗಳ ನಂತರ ಎಲ್ಲ ಗುಂಪುಗಳೂ 65ಕ್ಕೆ ಬಂದವು. ಹಾಳೆಯ ಮೇಲೆ ಕೆಂಪು ಗೆರೆ ಮೂಡಿತು.

ಎರಡನೇ ಹಂತ ಊಹೆ. ಗುರುತ್ವ 1.63 ಆದರೆ, ಅದೇ 45° ಕೋನದಲ್ಲಿ, ತಾಗಲು ಎಷ್ಟು ವೇಗ ಬೇಕು? ಎಸೆಯುವ ಮೊದಲು ಪ್ರತಿಯೊಬ್ಬರೂ ತಮ್ಮ ಊಹೆ ಬರೆಯಬೇಕು. ಅರ್ಧಕ್ಕಿಂತ ಹೆಚ್ಚು ಮಕ್ಕಳು 65ನ್ನು 6ರಿಂದ ಭಾಗಿಸಿ 11 ಎಂದು ಬರೆದರು. ನನಗೆ ಸಮಾಧಾನವಾಯಿತು. ಏಕೆಂದರೆ ನನ್ನ ಪಾಠ ಯೋಜನೆಯ ‘ನಿರೀಕ್ಷಿತ ಉತ್ತರ’ ಕಾಲಂನಲ್ಲೂ 11 ಎಂದೇ ಇತ್ತು. ಗುರುತ್ವ ಆರನೇ ಒಂದು ಭಾಗವಾದರೆ ಬೇಕಾದ ವೇಗವೂ ಆರನೇ ಒಂದು ಭಾಗ. ಇದರಲ್ಲಿ ಪರೀಕ್ಷಿಸುವುದೇನಿದೆ ಎಂದುಕೊಂಡು ನಾನು ಮುಂಚೆ ಆಡಿ ನೋಡಿರಲೇ ಇಲ್ಲ.

11 ಕೊಟ್ಟರು. ಬಾಳೆಹಣ್ಣು ಗೊರಿಲ್ಲಾದ ಮುಂದೆಯೇ, ಪಕ್ಕದ ಕಟ್ಟಡದ ಹತ್ತಿರ ಬಿತ್ತು. ಆರೂ ಯಂತ್ರಗಳಲ್ಲಿ ಹಾಗೆಯೇ.

ನನ್ನ ಬಾಯಿಂದ ಬಂದ ಮಾತು ಇದು: ‘ಆಟ ಹಳೆಯದು, ಲೆಕ್ಕದಲ್ಲಿ ಏನೋ ತಪ್ಪಿರಬಹುದು.’ ಕೋಷ್ಟಕ ತುಂಬುತ್ತಿದ್ದ ಹುಡುಗಿಯೊಬ್ಬಳು ಮೆಲ್ಲಗೆ ಕೇಳಿದಳು: ‘ಭೂಮಿ ಮ್ಯಾಲ ಎಲ್ಲಾರ್ದೂ ಒಂದ ಬಂತಲ್ರೀ ಟೀಚರ್? ಅಲ್ಲಿ ಸರಿ ಇದ್ದದ್ದು ಇಲ್ಲಿ ಹ್ಯಾಂಗ ತಪ್ಪತೈತ್ರೀ?’

ಹಿಂದಿನ ಬೆಂಚಿನಲ್ಲಿ ವಿಧಾನ ಬೋಧಕರು ಕುಳಿತಿದ್ದರು. ಉತ್ತರ ನನಗೆ ಗೊತ್ತಿರಲಿಲ್ಲ. ಕ್ಷಣಕಾಲ ಸುಮ್ಮನೆ ನಿಂತು, ‘ನೀನು ಕೇಳಿದ್ದು ಸರಿ. ನನಗೂ ಗೊತ್ತಿಲ್ಲ. ಎಷ್ಟು ಬೇಕೋ ಹುಡುಕೋಣ’ ಎಂದೆ. ಮಕ್ಕಳು ಹುಡುಕಿದರು. 20 ಸಾಲದು, 30 ಹೆಚ್ಚು. ಒಂದು ಗುಂಪಿಗೆ 26, ಇನ್ನೊಂದಕ್ಕೆ 27. ಈ ಬಾರಿ ನೀಲಿ ಪೆನ್ನಿನಲ್ಲಿ ಗೆರೆ ಎಳೆದರು. ಮೊದಲ ಪಾಠದಲ್ಲಿ ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ಅಂದು ದಾರಿ ಗುರುತಿಸುವವಳು. ಅವಳು ಹಾಳೆಯ ಮೇಲೆ ಬೆರಳಾಡಿಸಿ ಹೇಳಿದಳು: ‘ಟೀಚರ್, ದಾರಿ ಅದ ಐತ್ರೀ. ಆದ್ರ ಸಾವಕಾಶ ಹೋಗ್ತೈತಿ.’

ಹೋಗಿ ನೋಡಿದೆ. ಕೆಂಪು ಗೆರೆಯ ಮೇಲೆಯೇ ನೀಲಿ ಗೆರೆ ಬಿದ್ದಿತ್ತು. ಅವಧಿ ಮುಗಿಯಿತು. ವಿವರಣೆಯ ಹಂತಕ್ಕೆ ಬರಲಾಗಲಿಲ್ಲ. ‘ದಾರಿ ಒಂದೇ, ನಿಧಾನ ಏಕೆ? 26 ಏಕೆ, 11 ಏಕೆ ಅಲ್ಲ?’ ಎಂದು ಹಲಗೆಯ ಮೇಲೆ ಬರೆದು ಬಂದೆ.

ಆ ರಾತ್ರಿಯ ಲೆಕ್ಕ

ಉತ್ತರ 9ನೇ ತರಗತಿಯ ಪುಸ್ತಕದಲ್ಲೇ ಇತ್ತು. ಚಲನೆಯ ಮೂರನೇ ಸಮೀಕರಣ. ವಸ್ತುವನ್ನು ಮೇಲಕ್ಕೆಸೆದಾಗ ಗರಿಷ್ಠ ಎತ್ತರದಲ್ಲಿ ಅದರ ಮೇಲ್ಮುಖ ವೇಗ ಸೊನ್ನೆ. ಆದ್ದರಿಂದ ಎತ್ತರ = ಆರಂಭಿಕ ವೇಗದ ವರ್ಗ ÷ (2 × ಗುರುತ್ವ ವೇಗೋತ್ಕರ್ಷ). ಎತ್ತರ ಅಷ್ಟೇ ಇರಬೇಕು, ಗುರುತ್ವ ಆರನೇ ಒಂದು ಭಾಗವಾಗಿದೆ ಎಂದರೆ, ಆರನೇ ಒಂದು ಭಾಗವಾಗಬೇಕಾದದ್ದು ವೇಗವಲ್ಲ, ವೇಗದ ವರ್ಗ.

65ರ ವರ್ಗ 4225. ಅದನ್ನು 6ರಿಂದ ಭಾಗಿಸಿದರೆ ಸುಮಾರು 704. ಅದರ ವರ್ಗಮೂಲ ಸುಮಾರು 26.5. ಮಕ್ಕಳಿಗೆ ಸಿಕ್ಕ 26, 27ರ ನಡುವೆಯೇ!

ನಿಧಾನಕ್ಕೂ ಕಾರಣ ಸಿಕ್ಕಿತು. ಮೇಲೇರಲು ಬೇಕಾದ ಕಾಲ ಎಂದರೆ ವೇಗವನ್ನು ವೇಗೋತ್ಕರ್ಷದಿಂದ ಭಾಗಿಸಿದ್ದು. 65 ÷ 9.8 ಸುಮಾರು 6.6, 26.5 ÷ 1.63 ಸುಮಾರು 16.3. (45° ಕೋನದಲ್ಲಿ ಮೇಲ್ಮುಖ ವೇಗ ಪೂರ್ಣ ವೇಗಕ್ಕಿಂತ ಕಡಿಮೆ, ಆದರೆ ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಕಡಿಮೆ, ಹಾಗಾಗಿ ಹೋಲಿಕೆಗೆ ತೊಂದರೆ ಇಲ್ಲ.) ಚಂದ್ರನ ಮೇಲೆ ಅದೇ ದಾರಿಗೆ ಸುಮಾರು ಎರಡೂವರೆ ಪಟ್ಟು ಕಾಲ. ಹುಡುಗಿ ಹೇಳಿದ ‘ಸಾವಕಾಶ’ ಎಂಬ ಒಂದು ಮಾತಿನಲ್ಲಿ ಇದೆಲ್ಲ ಅಡಗಿತ್ತು. ಪದವಿಯಲ್ಲಿ ಉತ್ಕ್ಷೇಪಕದ ಚಲನೆಯನ್ನು ಓದಿ, ಸೂತ್ರ ಬರೆದು ಅಂಕ ಪಡೆದವಳು ನಾನು. ಆದರೂ ‘ಆರನೇ ಒಂದು ಭಾಗ’ ಎಂಬ ಬಾಯಿಪಾಠದ ಮಾತು ಆ ಸೂತ್ರಕ್ಕಿಂತ ಗಟ್ಟಿಯಾಗಿ ನನ್ನ ತಲೆಯಲ್ಲಿ ಕೂತಿತ್ತು.

ಮೂರನೇ ಪಾಠ ಮತ್ತು ಮೌಲ್ಯಮಾಪನ

ಮರುದಿನ ಮೊದಲು ನನ್ನ ಪಾಠ ಯೋಜನೆಯ ಪುಟವನ್ನು ಮಕ್ಕಳಿಗೆ ತೋರಿಸಿ, ‘ನಾನೂ 11 ಎಂದೇ ಬರೆದಿದ್ದೆ’ ಎಂದೆ. 11 ಬರೆದಿದ್ದವರ ಮುಖದಲ್ಲಿ ಬಿಗಿ ಸಡಿಲಾಯಿತು. ಆಮೇಲೆ ಸಮೀಕರಣದಿಂದ ಹೆಜ್ಜೆ ಹೆಜ್ಜೆಯಾಗಿ ಅವರಿಂದಲೇ ಲೆಕ್ಕ ಮಾಡಿಸಿದೆ. 704ರ ವರ್ಗಮೂಲ 26ಕ್ಕೂ 27ಕ್ಕೂ ನಡುವೆ ಬಂದಾಗ ಹಿಂದಿನ ದಿನದ ಕೋಷ್ಟಕ ತೆರೆದು ಚಪ್ಪಾಳೆ ತಟ್ಟಿದರು.

ಮೌಲ್ಯಮಾಪನಕ್ಕೆ ಮೂರು ಪ್ರಶ್ನೆಗಳಿದ್ದವು. ಒಂದು: ಮಂಗಳ ಗ್ರಹದ ಗುರುತ್ವ ವೇಗೋತ್ಕರ್ಷ ಸುಮಾರು 3.7 ಮೀ/ಸೆ². ಅಲ್ಲಿ ಎಷ್ಟು ವೇಗ ಬೇಕು? ಮೊದಲು ಲೆಕ್ಕ, ಆಮೇಲೆ ಆಟ. ಲೆಕ್ಕದಲ್ಲಿ 40ರ ಸಮೀಪ ಬರುತ್ತದೆ. 40 ಕೊಟ್ಟಾಗ ತಾಗಿತು. ಎರಡು: ಆಟದ ಆರಂಭದ ಪರದೆಯಲ್ಲಿ ಒಂದು ವೈಜ್ಞಾನಿಕ ತಪ್ಪಿದೆ, ಹುಡುಕಿ. ಗುರುತ್ವದ ಏಕಮಾನವನ್ನು ಅಲ್ಲಿ ಮೀಟರ್/ಸೆಕೆಂಡ್ ಎಂದು ಬರೆಯಲಾಗಿದೆ. ಅದು ವೇಗದ ಏಕಮಾನ, ವೇಗೋತ್ಕರ್ಷದ್ದಲ್ಲ. ಅಚ್ಚಾದ ಮಾತು, ಪರದೆಯ ಮೇಲಿನ ಮಾತು ಎಲ್ಲವೂ ಸರಿಯೇ ಎಂದು ನಂಬಿದ್ದ ಮಕ್ಕಳಿಗೆ ಈ ತಪ್ಪು ಹಿಡಿಯುವುದರಲ್ಲಿ ವಿಶೇಷ ಖುಷಿ. ಮೂರು: ಈ ಆಟದ ಲೆಕ್ಕಕ್ಕೂ ನಿಜವಾದ ಎಸೆತಕ್ಕೂ ಇರುವ ವ್ಯತ್ಯಾಸಗಳೇನು? ದೂರ ಮೀಟರ್‌ನಲ್ಲಿಲ್ಲ, ಪರದೆಯ ಚುಕ್ಕೆಗಳಲ್ಲಿದೆ. ಗಾಳಿಯ ತಡೆ ಇಲ್ಲ. ಹಣ್ಣಿನ ದ್ರವ್ಯರಾಶಿಯನ್ನು ಆಟ ಕೇಳುವುದೇ ಇಲ್ಲ. ಕೊನೆಯದನ್ನು ಹಿಡಿದು, ‘ಏಕೆ ಕೇಳುವುದಿಲ್ಲ?’ ಎಂಬ ಪ್ರಶ್ನೆಯಿಂದ ಮುಕ್ತ ಪತನದ ಪಾಠಕ್ಕೆ ಸಾಗಿದೆವು.

ಕೃತಿಸ್ವಾಮ್ಯದ ವಿಚಾರ

ಸಹಪಾಠಿಗಳು ಹಲವರು ಕಡತವನ್ನು ಪೆನ್‌ಡ್ರೈವ್‌ಗೆ ಹಾಕಿ ಕೊಡಲು ಕೇಳಿದರು. ನಾನು ಕೊಡಲಿಲ್ಲ. ಆಟ ಹಳೆಯದಾದ ಮಾತ್ರಕ್ಕೆ, ಅಂಗಡಿಯಲ್ಲಿ ಸಿಗದ ಮಾತ್ರಕ್ಕೆ ಅದು ಎಲ್ಲರ ಸ್ವತ್ತಾಗುವುದಿಲ್ಲ. 1957ರ ಭಾರತೀಯ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ, ಕಂಪ್ಯೂಟರ್ ಪ್ರೋಗ್ರಾಮ್‌ನ ಪ್ರತಿಯನ್ನು ಕಾನೂನುಬದ್ಧವಾಗಿ ಹೊಂದಿರುವವರು ಅದು ಯಾವ ಉದ್ದೇಶಕ್ಕೆ ಒದಗಿತ್ತೋ ಅದಕ್ಕೆ ಬಳಸಲು, ಮತ್ತು ನಷ್ಟವಾಗದಂತೆ ರಕ್ಷಣೆಗಾಗಿ ಪ್ರತಿ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ಹಂಚಲು ಅಲ್ಲ. ಶಾಲೆ ಕೊಂಡ ಯಂತ್ರದ ಜೊತೆ ಬಂದ ಪ್ರೋಗ್ರಾಮ್ ಆ ಶಾಲೆಯ ಪ್ರಯೋಗಾಲಯದಲ್ಲೇ ಉಳಿಯಿತು. ಬೇರೆಯವರಿಗೆ ನಾನು ಹೇಳಿದ್ದು: ಕೋನ, ವೇಗ, ಗುರುತ್ವ ಪಡೆದು ಚುಕ್ಕೆಗಳ ದಾರಿ ತೋರಿಸುವ ಸಣ್ಣ ಪ್ರೋಗ್ರಾಮನ್ನು ನಾವೇ ಬರೆಯಬಹುದು, ಮೂವತ್ತು ಸಾಲು ಸಾಕು.

ಚರ್ಚೆ

ಪಾಠದ ನಂತರ ವಿಧಾನ ಬೋಧಕರು ಕೇಳಿದ ಪ್ರಶ್ನೆ ನ್ಯಾಯವಾದದ್ದು: ‘ಉತ್ಕ್ಷೇಪಕ ಚಲನೆಗೆ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಅನುಕರಣೆ ಉಚಿತವಾಗಿ ಇದೆ. ಅದರಲ್ಲಿ ಅಳತೆಪಟ್ಟಿಯೂ ಇದೆ, ಏಕಮಾನವೂ ಸರಿ ಇದೆ. ಮೂವತ್ತು ವರ್ಷ ಹಿಂದಿನ ಆಟಕ್ಕೆ ಇಷ್ಟು ಶ್ರಮ ಏಕೆ?’

ಅಳತೆಯ ಪಾಠಕ್ಕೆ ಫೆಟ್ ಉತ್ತಮ ಎಂದು ಒಪ್ಪುತ್ತೇನೆ. ಎಮ್ಯುಲೇಟರ್ ಹೊಂದಿಸುವ ಶ್ರಮ ಪ್ರತಿ ಪಾಠಕ್ಕೂ ತಕ್ಕದ್ದಲ್ಲ. ಆದರೆ ಇಲ್ಲಿ ಎರಡು ಲಾಭ ಕಂಡೆ. ಆಟದಲ್ಲಿ ಗುರಿ ಇದೆ. ಊಹೆ ತಪ್ಪಿದರೆ ಹಣ್ಣು ಕಣ್ಣೆದುರೇ ಬೀಳುತ್ತದೆ. ಶಿಕ್ಷಕರು ‘ತಪ್ಪು’ ಎನ್ನಬೇಕಾಗಿಲ್ಲ. ಎರಡನೆಯದಾಗಿ, ಗಾಳಿ ನಿಲ್ಲಿಸಲು ನಾನು ಒಳಗಿನ ಸಾಲು ಸೇರಿಸಿದ್ದನ್ನು ನೋಡಿ ಮಕ್ಕಳಿಗೆ ಕಂಪ್ಯೂಟರ್ ಹೇಳಿದ್ದೇ ಅಂತಿಮವಲ್ಲ, ಅದರೊಳಗೆ ಯಾರೋ ಬರೆದ ಲೆಕ್ಕವಿದೆ, ಅದನ್ನು ಪ್ರಶ್ನಿಸಬಹುದು ಎಂದು ತಿಳಿಯಿತು.

ಶಾಲಾ ಪಾಠಕ್ಕಾಗಿ ಆಟ ಮಾಡಿದ ಪ್ರಶಿಕ್ಷಣಾರ್ಥಿಗಳ ಹಳೆಯ ಉದಾಹರಣೆಯೂ ಇದೆ. 1971ರಲ್ಲಿ ಅಮೆರಿಕದ ಮಿನ್ನಿಯಾಪೊಲಿಸ್‌ನಲ್ಲಿ ಡಾನ್ ರಾವಿಟ್ಷ್ ಎಂಬ ಪ್ರಶಿಕ್ಷಣಾರ್ಥಿ, 8ನೇ ತರಗತಿಯ ಇತಿಹಾಸ ಪಾಠಕ್ಕಾಗಿ, ತನ್ನಂತೆಯೇ ಬೋಧನಾಭ್ಯಾಸದಲ್ಲಿದ್ದ ಬಿಲ್ ಹೈನ್ಮನ್ ಮತ್ತು ಪಾಲ್ ಡಿಲನ್‌ಬರ್ಗರ್ ಅವರ ಜೊತೆಗೂಡಿ ‘ಒರೆಗಾನ್ ಟ್ರೇಲ್’ ಎಂಬ ಆಟ ರಚಿಸಿದರು. ಅವಧಿ ಮುಗಿದಾಗ ಕಂಪ್ಯೂಟರ್‌ನಿಂದ ಅದನ್ನು ಅಳಿಸಬೇಕಾಯಿತು. ರಾವಿಟ್ಷ್ ಮಾತ್ರ ಇಡೀ ಪ್ರೋಗ್ರಾಮನ್ನು ಕಾಗದದ ಮೇಲೆ ಮುದ್ರಿಸಿ ಇಟ್ಟುಕೊಂಡಿದ್ದರು. ಕೆಲವು ವರ್ಷಗಳ ನಂತರ ಆ ಕಾಗದ ನೋಡಿ ಮತ್ತೆ ಬೆರಳಚ್ಚಿಸಿದ್ದರಿಂದಲೇ ಅದು ಉಳಿದು, ಆ ದೇಶದ ಶಾಲೆಗಳಲ್ಲಿ ಹೆಸರಾಯಿತು.

ಮುಂದಿನ ಪ್ರಶಿಕ್ಷಣಾರ್ಥಿಗಳಿಗೆ

ನನ್ನ ಅನುಭವದಿಂದ ನಾಲ್ಕು ಮಾತು. ಶಾಲೆಯ ಮೂಲೆಯಲ್ಲಿರುವ ಹಳೆಯ ಯಂತ್ರ, ಸಿಡಿ, ಫ್ಲಾಪಿಗಳನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ತೆರೆದು ನೋಡಿ. ವೇಗ ಹೊಂದಿಸಬೇಕಾದ ಆಟಕ್ಕೆ ಎಮ್ಯುಲೇಟರ್, ಇಡೀ ಹಳೆಯ ವ್ಯವಸ್ಥೆಯೇ ಬೇಕಾದಾಗ ವರ್ಚುವಲ್ ಮಷಿನ್ ಬಳಸಿ. ತರಗತಿಗೆ ಒಯ್ಯುವ ಮುನ್ನ ಆಟದಲ್ಲಿ ಏನೇನು ಬದಲಾಗುತ್ತದೆ ಎಂದು ಪಟ್ಟಿ ಮಾಡಿ, ಒಂದನ್ನು ಬಿಟ್ಟು ಉಳಿದವನ್ನು ಸ್ಥಿರಗೊಳಿಸಿ. ಕೊನೆಯದಾಗಿ, ‘ನಿರೀಕ್ಷಿತ ಉತ್ತರ’ ಕಾಲಂನಲ್ಲಿ ಬರೆಯುವ ಪ್ರತಿಯೊಂದು ಸಂಖ್ಯೆಯನ್ನೂ ಮೊದಲು ನೀವೇ ಪರೀಕ್ಷಿಸಿ.

ಆ 486 ಯಂತ್ರ ಗುಜರಿ ಪಟ್ಟಿಯಿಂದ ಹೊರಬಂದು ಈಗ ವಿಜ್ಞಾನ ಪ್ರಯೋಗಾಲಯದ ಕಪಾಟಿನ ಮೇಲಿದೆ. ಅದರ ಪಕ್ಕದಲ್ಲಿ ಕೆಂಪು, ನೀಲಿ ಗೆರೆಗಳಿರುವ ಆ ಪ್ಲಾಸ್ಟಿಕ್ ಹಾಳೆಯನ್ನು ಮಕ್ಕಳೇ ಅಂಟಿಸಿದ್ದಾರೆ. ಕೆಳಗೆ ಒಂದು ಸಾಲು ಬರೆದಿದ್ದಾರೆ: ‘ಭೂಮಿ 65, ಚಂದ್ರ 26.5, ದಾರಿ ಒಂದೇ.’